ಪರರ ಮಾತಿನ ಗಡಿ

ಇಂಗ್ಲಿಷ್ ಬರವಣಿಗೆಯಲ್ಲಿ ಪರರ ಮಾತಿನ ಹಿಂದೆ ಮುಂದೆ ನಿಲ್ಲುವ ಉದ್ಧರಣ ಚಿಹ್ನೆಗಳು ಕಣ್ಣಿಗೆ ಕಾಣುತ್ತವೆಯೇ ಹೊರತು ಕಿವಿಗೆ ಕೇಳಿಸುವುದಿಲ್ಲ. ಆದುದರಿಂದ ಆ ಭಾಷೆಯ ಭಾಷಣಕಾರರು ಕೆಲವೊಮ್ಮೆ ಮೊದಲಿಗೆ ‘ಕೋಟ್’ ಎಂದೂ ಮುಗಿದ ಮೇಲೆ ‘ಅನ್‌ಕೋಟ್’ ಎಂದೂ ಬಾಯಿಬಿಟ್ಟೇ ಹೇಳುತ್ತಾರೆ. ಧ್ವನಿವಾಹಕದ ಮುಂದೆ ಕುಳಿತ ನನಗೆ ಈ ತೊಡಕು ಚೆನ್ನಾಗಿ ಅರ್ಥವಾಗುತ್ತದೆ.

‘ಕೋಟ್’ ಶಬ್ದದ ಮೂಲ ಲ್ಯಾಟಿನ್. ಅಧ್ಯಾಯಗಳಿಗೆ ಅಂಕೆ ಹಾಕಿ ಗುರುತಿಸುವುದೆಂಬುದು ಅದರ ಹಳೆಯ ಅರ್ಥ. ಗುರುತಿಸಿದ ಸ್ಥಳವನ್ನು ಹೆಸರಿಸುವುದು, ಅನಂತರ ಅಲ್ಲಿಯ ಮಾತನ್ನೇ ಎತ್ತಿ ಹೇಳುವುದು, ಹೀಗೆ ಅರ್ಥ ಬೆಳೆಯಿತು. ಅದು ಮೊದಲಿಗೆ ಕ್ರಿಯಾಪದ. ಎತ್ತಿಕೊಂಡ ಮಾತಿಗೆ ‘ಕೊಟೇಷನ್’ ಎಂಬುದೇ ಶಿಷ್ಟವೆನ್ನುವವರು ಈಗಲೂ ಇದ್ದಾರೆ. ಆದರೆ ‘ಕೋಟ್’ ನಾಮಪದವಾಗಿಯೂ ಧಾರಾಳವಾಗಿ ನಡೆಯುತ್ತಿದೆ.

ಬ್ರಿಟಿಷ್ ಪುಸ್ತಕಗಳಲ್ಲಿ ಹೆಚ್ಚಾಗಿ ಒಂಟಿ ಚಿಹ್ನೆ, ಅಮೆರಿಕದಲ್ಲಿ ಜೋಡಿ ಚಿಹ್ನೆ. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಅಮೆರಿಕನ್ನರು ಸಾಮಾನ್ಯವಾಗಿ ಚಿಹ್ನೆಯ ಒಳಗೇ ಇರಿಸುತ್ತಾರೆ. ಬ್ರಿಟಿಷರ ರೂಢಿಯಲ್ಲಿ ಅವು ಮೂಲದ ಮಾತಿಗೆ ಸೇರಿದ್ದರೆ ಒಳಗೆ, ಇಲ್ಲವಾದರೆ ಹೊರಗೆ. ಪ್ರಶ್ನೆಯ ಚಿಹ್ನೆಯ ವಿಷಯದಲ್ಲಿ ಇಬ್ಬರಿಗೂ ಒಂದೇ ನ್ಯಾಯ: ಪ್ರಶ್ನೆ ಯಾರದೋ ಚಿಹ್ನೆ ಅವರ ಪಾಲಿಗೆ. ನಡುವೆ ಪದ ಬಿಟ್ಟರೆ ಮೂರು ಚುಕ್ಕಿ ಇಡಬೇಕು; ನಮ್ಮ ಪದ ಸೇರಿಸಿದರೆ ಚೌಕ ಕಂಸದಲ್ಲಿ ತೋರಿಸಬೇಕು. ಇವೆಲ್ಲವೂ ಗಡಿಯ ಕಲ್ಲುಗಳು.

ಕನ್ನಡದ ದಾರಿ ಬೇರೆ. ‘ರಾಮ ನಾಳೆ ಬರುತ್ತೇನೆ ಎಂದ’ ಎನ್ನುತ್ತೇವೆ. ರಾಮನ ಮಾತು ಎಲ್ಲಿ ಮುಗಿಯಿತೆಂಬುದನ್ನು ‘ಎಂದ’ ಹೇಳುತ್ತದೆ. ಅದು ಅವನ ಅಕ್ಷರಶಃ ಮಾತೋ ಕೇವಲ ಸಾರಾಂಶವೋ ಎಂಬುದನ್ನು ಹೇಳುವುದಿಲ್ಲ. ಇಂಗ್ಲಿಷಿನ ಚಿಹ್ನೆಯಾದರೋ, ‘ಇವು ಅವನವೇ ಪದಗಳು’ ಎಂದು ಪ್ರಮಾಣಮಾಡಿ ನುಡಿಯುವ ಸಾಕ್ಷಿ. ನಮ್ಮವರು ಇಂಗ್ಲಿಷ್ ಬರೆಯುವಾಗ ಎಚ್ಚರ ವಹಿಸಬೇಕಾದುದು ಇಲ್ಲಿಯೇ.

ಆ ಸಾಕ್ಷ್ಯ ಸಡಿಲವಾದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವಿದೆ. ಒಬ್ಬನ ಅಭಿಪ್ರಾಯ ತನಗೆ ಒಪ್ಪಿಗೆಯಾಗದಿದ್ದರೂ ಅದನ್ನು ಹೇಳುವ ಅವನ ಹಕ್ಕಿಗಾಗಿ ಪ್ರಾಣವಿರುವತನಕ ಹೋರಾಡುವೆನೆಂಬ ಅರ್ಥದ ಮಾತು ವೋಲ್ಟೇರನ ಹೆಸರಿನಲ್ಲಿ ಲೋಕವಿಖ್ಯಾತವಾಗಿದೆ. ವೋಲ್ಟೇರ್ ತೀರಿಕೊಂಡದ್ದು 1778ರಲ್ಲಿ. ಆ ವಾಕ್ಯವನ್ನು ಬರೆದವಳು ಇವೆಲಿನ್ ಬಿಯಾಟ್ರಿಸ್ ಹಾಲ್ ಎಂಬ ಆಂಗ್ಲ ಲೇಖಕಿ. ಟ್ಯಾಲೆಂಟೈರ್ ಎಂಬ ಗುಪ್ತನಾಮದಲ್ಲಿ 1906ರಲ್ಲಿ ಪ್ರಕಟಿಸಿದ ‘ವೋಲ್ಟೇರನ ಸ್ನೇಹಿತರು’ ಎಂಬ ಗ್ರಂಥದಲ್ಲಿ. ಹೆಲ್ವೇಷಿಯಸ್‌ನ ಪುಸ್ತಕವನ್ನು ಸುಟ್ಟಾಗ ವೋಲ್ಟೇರ್ ತಳೆದ ನಿಲುವನ್ನು ಆಕೆ ತನ್ನ ಮಾತಿನಲ್ಲಿ ಸಂಗ್ರಹಿಸಿದಳು. ಆದರೆ ಉತ್ತಮ ಪುರುಷದಲ್ಲಿ ಬರೆದು ಉದ್ಧರಣ ಚಿಹ್ನೆಗಳ ನಡುವೆ ಇರಿಸಿದಳು. ಅವು ವೋಲ್ಟೇರನ ಪದಗಳೆಂದು ಸೂಚಿಸುವ ಉದ್ದೇಶ ತನಗಿರಲಿಲ್ಲವೆಂದು 1939ರಲ್ಲಿ ಆಕೆಯೇ ಸ್ಪಷ್ಟಪಡಿಸಿದಳು. ಅಷ್ಟು ಹೊತ್ತಿಗೆ ಮಾತು ಊರು ಬಿಟ್ಟು ಹೊರಟಾಗಿತ್ತು.

ಮಾತು ಉದಾತ್ತವಾದುದೇ, ಹಾಗಿರುವಾಗ ಯಾರ ಹೆಸರಿನಲ್ಲಿದ್ದರೇನು ಎಂದು ಕೇಳಬಹುದು. ಇಬ್ಬರಿಗೆ ನಷ್ಟವಿದೆ ಎಂಬುದು ನನ್ನ ಉತ್ತರ. ಆಡದ ಮಾತಿಗೆ ವೋಲ್ಟೇರ್ ಹೊಣೆಗಾರನಾದ. ಆಡಿದ ಮಾತಿನ ಕೀರ್ತಿ ಆಕೆಗೆ ತಪ್ಪಿತು. ಪರರ ಮಾತನ್ನು ಎತ್ತಿಕೊಳ್ಳುವುದು ಕಡ ತಂದಂತೆ. ತಂದದ್ದನ್ನು ತಂದ ಹಾಗೆಯೇ, ಯಾರದೆಂದು ಹೇಳಿ ಒಪ್ಪಿಸುವುದು ಬರೆಯುವವನ ಧರ್ಮ. ಸಾರಾಂಶವನ್ನಷ್ಟೇ ಬಲ್ಲೆವಾದರೆ ಅದನ್ನು ಚಿಹ್ನೆಯಿಲ್ಲದೆ, ನಮ್ಮ ಮಾತಿನಲ್ಲಿಯೇ ಹೇಳಿದರಾಯಿತು.