ಜಿಂಕೆ ಬೇಟೆಯ ಕಟ್ಟಳೆ

ಸಂಸ್ಕೃತದಲ್ಲಿ ‘ಮೃಗ’ವೆಂದರೆ ಪ್ರಾಣಿಯೂ ಹೌದು, ಜಿಂಕೆಯೂ ಹೌದು, ಬೇಟೆಗೆ ‘ಮೃಗಯಾ’ ಎಂದೇ ಹೆಸರು. ಬೇಟೆಯಷ್ಟೇ ಹಳೆಯದು ಅದರ ಕಟ್ಟಳೆ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ, ಬಾಣ ಹೂಡಿದ ದುಷ್ಯಂತನನ್ನು ತಪಸ್ವಿಗಳು ಅದು ಆಶ್ರಮದ ಜಿಂಕೆಯೆಂದು ತಡೆಯುತ್ತಾರೆ. ರಾಜನೂ ಬಾಣವನ್ನು ಇಳಿಸುತ್ತಾನೆ. ಎಲ್ಲಿ ಬೇಟೆಯಾಡಬಾರದು ಎಂಬ ವಿವೇಕ ಆಗಲೇ ಇದ್ದಿತು.

ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಶಾಸನವಾಯಿತು. 1941ರಲ್ಲಿ ಬಂಡೀಪುರದ ಸುತ್ತ ವೇಣುಗೋಪಾಲ ವನ್ಯಮೃಗ ಉದ್ಯಾನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ದಾರಿಯನ್ನು ಉಳಿಸಿಕೊಂಡಿತ್ತು. 1991ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತು.

ಹಾಗಾದರೆ ಕರ್ನಾಟಕದಲ್ಲಿ ಈಗ ಜಿಂಕೆಯ ಬೇಟೆಗೆ ಎಲ್ಲಿ ಹೋಗಬಹುದು? ಎಲ್ಲಿಯೂ ಇಲ್ಲ. ‘ಅಭಯಾರಣ್ಯದ ಹೊರಗೆ, ನನ್ನ ಸ್ವಂತ ಹೊಲದಲ್ಲಿ?’ ಎಂದು ತಾವು ಕೇಳಬಹುದು. ಅಲ್ಲಿಯೂ ಇಲ್ಲ. ರಕ್ಷಣೆಯಿರುವುದು ನೆಲಕ್ಕೆ ಮಾತ್ರವಲ್ಲ, ಪ್ರಾಣಿಗೆ. ಚುಕ್ಕೆಯ ಸಾರಂಗ, ಕಡವೆ, ಕಾಡುಕುರಿ, ಹುಲ್ಲೆಯ ಜಾತಿಯ ಕೃಷ್ಣಮೃಗ, ಇವು ಯಾರ ಹೊಲದಲ್ಲಿ ನಿಂತರೂ ರಕ್ಷಣೆ ಅವುಗಳ ಜೊತೆಯಲ್ಲಿಯೇ ಇರುತ್ತದೆ. ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಉರುಲು ಒಡ್ಡುವುದು, ವಿಷವಿಡುವುದು, ಅಟ್ಟಿ ಹಿಡಿಯುವುದು, ಹಾಗೆ ಮಾಡಲು ಯತ್ನಿಸುವುದು ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. ಕೃಷ್ಣಮೃಗವನ್ನು ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ. ಬೇಟೆಗೆ ಬಳಸಿದ ಬಂದೂಕು, ವಾಹನಗಳೂ ಸರ್ಕಾರದ ಪಾಲು.

ಇಷ್ಟು ಕಠಿಣವೇಕೆ? ಹುಲಿಯೊಂದಕ್ಕೆ ವಾರಕ್ಕೆ ಸುಮಾರು ಒಂದು ಜಿಂಕೆಯಷ್ಟು ದೊಡ್ಡ ಪ್ರಾಣಿ ಆಹಾರವಾಗಿ ಬೇಕು. ಜಿಂಕೆ ಬರಿದಾದ ಕಾಡಿನಲ್ಲಿ ಹುಲಿಯೂ ಉಳಿಯದು. ಹಸಿದ ಹುಲಿ ಊರಿನ ದನಕ್ಕೆ ಕೈಯಿಕ್ಕುತ್ತದೆ.

ಆದರೆ ಈ ಮಾತಿಗೆ ಇನ್ನೊಂದು ಮುಖವುಂಟು. ಕೃಷ್ಣಮೃಗಕ್ಕಾಗಿ 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಅಭಯಾರಣ್ಯದ ಸುತ್ತಲಿನ ರೈತರನ್ನು ಕೇಳಿ ನೋಡಿ. ಹಿಂಡು ಹೊಲಕ್ಕಿಳಿದರೆ ಎಳೆಯ ಪೈರು ಉಳಿಯದು. ಪೈರು ಕಾಯಲೆಂದು ಪಡೆದ ಬಂದೂಕಿನ ಪರವಾನಗಿ ಆ ಪ್ರಾಣಿಯನ್ನು ಕೊಲ್ಲುವ ಹಕ್ಕನ್ನು ಕೊಡುವುದಿಲ್ಲ. ರೈತ ಬೇಲಿ ಹಾಕಬೇಕು, ರಾತ್ರಿಯೆಲ್ಲ ಕಾವಲಿರಬೇಕು, ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರಕ್ಕೆ ಕಾಯಬೇಕು. ಜಿಂಕೆಯನ್ನು ಉಳಿಸಿದ ಪುಣ್ಯ ಪಟ್ಟಣದ ನಮಗೆ, ಪೈರು ಹೋದ ನಷ್ಟ ಅವನಿಗೆ ಎಂದಾಗಬಾರದು. ಅವನ ಪರಿಹಾರ ಸಕಾಲಕ್ಕೆ ಸಲ್ಲಲೆಂದು ನಾವೂ ದನಿಗೂಡಿಸುವುದು ನ್ಯಾಯ.

ಪಟ್ಟಣದಲ್ಲಿರುವವರು ಮಾಡಬಹುದಾದ ಕೆಲಸ ಇನ್ನೊಂದಿದೆ, ಅದು ಸುಲಭವೂ ಹೌದು. ಕದ್ದು ತಂದ ಬಾಡನ್ನು ಗುಟ್ಟಾಗಿ ಮಾರುವವನು ಮನೆ ಬಾಗಿಲಿಗೆ ಬಂದಾನು. ಅದನ್ನು ಕೊಳ್ಳುವುದೂ, ಮನೆಯಲ್ಲಿರಿಸಿಕೊಳ್ಳುವುದೂ ಅಪರಾಧ. ಬೇಡವೆಂದು ಅವನನ್ನು ಹಿಂದಕ್ಕೆ ಕಳುಹಿಸಿರಿ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿರಿ. ಕೊಳ್ಳುವ ಕೈಯಿಲ್ಲದ ಊರಿನಲ್ಲಿ ಉರುಲು ಒಡ್ಡುವ ಕೈಗೆ ಕೆಲಸವಿರುವುದಿಲ್ಲ.