ಡಿಫರೆನ್ಷಿಯಲ್‌ಗೆ ಎಣ್ಣೆ ತುಂಬುವುದು: ಕೆಲವು ಸುಲಭ ಸಾಧನಗಳು, ಉಪಾಯಗಳು

(ಸೇಡಂ ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರ ಕಲಿಸುವವನು. ತೊಗರಿಯ ಸಾಲಿನ ಅಂತರ, ಬೀಜೋಪಚಾರ, ಕುಡಿ ಚಿವುಟುವುದು ಇವುಗಳ ಬಗ್ಗೆ ಮಾತನಾಡಬೇಕಾದವನು ಇಂದು ವಾಹನದ ಎಣ್ಣೆಯ ವಿಷಯವನ್ನು ಏಕೆ ಎತ್ತಿದ್ದಾನೆ ಎಂದು ತಮಗೆ ಆಶ್ಚರ್ಯವಾಗಬಹುದು. ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿತ್ತಾಪುರದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆಯ ಬಿತ್ತನೆ ಇಟ್ಟುಕೊಂಡಿದ್ದೆವು. ಮೃಗಶಿರಾ ಮಳೆ ಬಂದು ಭೂಮಿಗೆ ಹದ ಕೂಡಿತ್ತು. ಬೀಜ, ಗೊಬ್ಬರ ಹೇರಿಕೊಂಡು ಹೋಗಬೇಕಾಗಿದ್ದ ಹಳೆಯ ಜೀಪಿನ ಹಿಂದಿನ ಡಿಫರೆನ್ಷಿಯಲ್ ಎಣ್ಣೆಯನ್ನು ಬದಲಿಸೋಣವೆಂದು ಹಿಂದಿನ ಸಂಜೆ ನಾನೇ ಮುಂದಾದೆ. ಕೆಳಗಿನ ಬಿರಡೆ ಬಿಚ್ಚಿ ಎಣ್ಣೆಯನ್ನೆಲ್ಲ ಇಳಿಸಿಬಿಟ್ಟೆ. ಆಮೇಲೆ ನೋಡಿದರೆ ತುಂಬುವ ಬಿರಡೆ ತುಕ್ಕು ಹಿಡಿದು ಅಲುಗಲೊಲ್ಲದು. ಉಳಿ ಇಟ್ಟು ಬಡಿದೆ. ಅದರ ಅಂಚು ಸವೆದು ದುಂಡಗಾಯಿತು. ವಾಡಿಯಿಂದ ಮಿಸ್ತ್ರಿ ಬಂದು ಅದನ್ನು ಬಿಚ್ಚುವಷ್ಟರಲ್ಲಿ ಎರಡು ದಿನ ಕಳೆದು ಮೇಲ್ಮಣ್ಣು ಆರಿತ್ತು. ರೈತರು ಏನೂ ಅನ್ನಲಿಲ್ಲ. ಹಿರಿಯರೊಬ್ಬರು ಮಾತ್ರ, "ಸರ, ಬಾಯಿ ತೆರೀತದೋ ಇಲ್ಲೋ ನೋಡದೆ ಹೊಟ್ಟಿ ಖಾಲಿ ಮಾಡಿದ್ರಲ್ರೀ" ಎಂದರು. ಅದೇ ಇಂದಿನ ಮೊದಲ ಪಾಠ. ತುಂಬುವ ಬಿರಡೆ ಬಿಚ್ಚುತ್ತದೆಂದು ಖಾತ್ರಿಯಾದ ಮೇಲೆಯೇ ಇಳಿಸುವ ಬಿರಡೆಗೆ ಕೈ ಹಚ್ಚಬೇಕು.

ಡಿಫರೆನ್ಷಿಯಲ್ ಎಂದರೇನು? ಕಣದಲ್ಲಿ ಹಂತಿ ಹೊಡೆಯುವುದನ್ನು ತಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಮೇಟಿಯ ಪಕ್ಕದ ಎತ್ತು ಸಣ್ಣ ಸುತ್ತು ಹಾಕಿದರೆ ಹೊರಗಿನ ಎತ್ತು ದೊಡ್ಡ ಸುತ್ತು ಹಾಕುತ್ತದೆ. ವಾಹನ ತಿರುಗುವಾಗ ಗಾಲಿಗಳ ಸ್ಥಿತಿಯೂ ಅದೇ. ಹೊರಗಾಲಿ ಹೆಚ್ಚು ದೂರ, ಒಳಗಾಲಿ ಕಡಿಮೆ ದೂರ ಉರುಳಬೇಕು. ಇದಕ್ಕೆ ಅವಕಾಶ ಕೊಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. ಅಲ್ಲಿನ ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲುಗಳು ಭಾರದಡಿಯಲ್ಲಿ ಒಂದರ ಮೇಲೊಂದು ಜಾರುತ್ತವೆ. ಅವುಗಳ ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ತುಂಬಿದ ಗಾಡಿಯನ್ನು ಚಿಂಚೋಳಿಯ ಕುಂಚಾವರಂ ಕಡೆಯ ಏರಿನಲ್ಲಿ ಎಳೆಯುವಾಗ ಆ ಪದರ ಹರಿದರೆ ಹಲ್ಲು ಉಳಿಯುವುದಿಲ್ಲ.

ಯಾವ ಎಣ್ಣೆ ಹಾಕಬೇಕು? ಹಿಂದಿನ ಗಾಲಿಯಿಂದ ಓಡುವ ಜೀಪು ಮತ್ತು ಸರಕು ವಾಹನಗಳಿಗೆ ಸಾಮಾನ್ಯವಾಗಿ 90 ಅಥವಾ 80ಡಬ್ಲ್ಯೂ-90 ಗೇರ್ ಆಯಿಲ್ ಬೇಕಾಗುತ್ತದೆ; ಹೆಚ್ಚಿನವಕ್ಕೆ 1ರಿಂದ 2 ಲೀಟರ್ ಹಿಡಿಯುತ್ತದೆ. ಮುಂದಿನ ಗಾಲಿಯಿಂದ ಓಡುವ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್ ಪೆಟ್ಟಿಗೆಯೊಳಗೇ ಇರುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಟ್ರ್ಯಾಕ್ಟರಿಗೆ ಬೇರೆಯೇ ಎಣ್ಣೆ ಬೇಕು; ಬರೀ 90 ಹಾಕಿದರೆ ಬ್ರೇಕು ಕಿರುಗುಟ್ಟಿ ಕೆಡುತ್ತದೆ. ಆದ್ದರಿಂದ ಅಂಗಡಿಯವನ ಮಾತಿಗಿಂತ ವಾಹನದ ಕೈಪಿಡಿಯ ಮಾತು ಮೇಲು.

ಇನ್ನು ಕೆಲಸದ ಕ್ರಮ. ಹಿಂದಿನ ದಿನವೇ ಬಿರಡೆಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿರಡೆಗೆ ಸರಿಯಾಗಿ ಕೂಡುವ ಪಾನಾ ಮಾತ್ರ ಬಳಸಿ. ಶಹಾಬಾದ, ವಾಡಿ ಸುತ್ತಿನ ಕಲ್ಲುಗಣಿ ಮತ್ತು ಸಿಮೆಂಟಿನ ಧೂಳು ಬಿರಡೆಯ ಸುತ್ತ ಗಟ್ಟಿಯಾಗಿ ಕೂತಿರುತ್ತದೆ. ಬಿಚ್ಚುವ ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ ಬಟ್ಟೆಯಿಂದ ಒರೆಸಿರಿ. ಆ ಧೂಳು ಒಳಗೆ ಬಿದ್ದರೆ ಸಾಣೆ ಹಿಡಿದಂತೆ ಹಲ್ಲು ಸವೆಸುತ್ತದೆ.

ನಾಲ್ಕೈದು ಕಿಲೋಮೀಟರ್ ಓಡಿಸಿ, ಎಣ್ಣೆ ಬೆಚ್ಚಗಿರುವಾಗ ಇಳಿಸಿದರೆ ಕಸರೂ ಜೊತೆಗೆ ಇಳಿಯುತ್ತದೆ. ವಾಹನ ಸಮತಟ್ಟಾದ ನೆಲದ ಮೇಲಿರಬೇಕು. ಎತ್ತಲೇಬೇಕಾದರೆ ಗಾಲಿಗೆ ತಡೆ ಕೊಟ್ಟು, ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡು ಇಡಿ. ಕೈಗೆ ಸಿಕ್ಕುತ್ತದೆಂದು ಶಹಾಬಾದ ಚಪ್ಪಡಿಗಳನ್ನು ಒಟ್ಟಿ ಅದರಡಿ ಯಾರೂ ತೂರಬೇಡಿ. ಪದರುಗಲ್ಲು ಮುರಿಯುವ ಮುನ್ನ ಸುಳಿವು ಕೊಡುವುದಿಲ್ಲ.

ಎಣ್ಣೆ ಇಳಿದ ಮೇಲೆ ಕೆಳಗಿನ ಬಿರಡೆಯನ್ನು ಪರೀಕ್ಷಿಸಿ. ಅದರ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ರಾಡಿ ಅಂಟಿದ್ದರೆ ಅದು ಸಹಜ ಸವೆತ. ಚೂರುಗಳಿದ್ದರೆ ಮಿಸ್ತ್ರಿಗೆ ತೋರಿಸಿ. ಹಳೆಯ ವಾಷರ್ ಬದಲಿಸಿ, ಬಿರಡೆ ಹಾಕಿ, ನಂತರ ಹೊಸ ಎಣ್ಣೆಗೆ ಬನ್ನಿ.

ತುಂಬುವ ತೂತು ಪಕ್ಕದಲ್ಲಿ, ಚಾಸಿಯ ಅಡಿಯಲ್ಲಿ ಇರುತ್ತದೆ. ಎಣ್ಣೆಯೋ ಕಾಕಂಬಿಯಂತೆ ಮಂದ. ಇದಕ್ಕೆ ಮೂರು ಉಪಾಯಗಳಿವೆ. ಒಂದು, ಒಂದೂವರೆ ಮೀಟರ್ ಪಾರದರ್ಶಕ ಕೊಳವೆಗೆ ಆಲಿಕೆ ಸಿಕ್ಕಿಸಿ, ಮೇಲಿನಿಂದ ಒಬ್ಬರು ಸುರಿಯುವುದು. ಖರ್ಚು ಅತಿ ಕಡಿಮೆ. ಎರಡು, ಮೆತ್ತನೆಯ ಪ್ಲಾಸ್ಟಿಕ್ ಶೀಸೆಯ ಮುಚ್ಚಳಕ್ಕೆ ಸಣ್ಣ ಕೊಳವೆ ಬಿಗಿಯಾಗಿ ಕೂಡಿಸಿ ಹಿಂಡುವುದು. ಮೂರು, ಎಣ್ಣೆ ಎಳೆದು ತಳ್ಳುವ ಕೈಪಂಪು. ಊರಿನ ನಾಲ್ಕು ಮಂದಿ ಸೇರಿ ಒಂದನ್ನು ಕೊಂಡರೂ ಸಾಕು. ಎಣ್ಣೆಯ ಡಬ್ಬಿಯನ್ನು ಮುಚ್ಚಳ ಹಾಕಿಯೇ ಒಂದು ತಾಸು ಬಿಸಿಲಿಗೆ ಇಟ್ಟರೆ ಯಾವ ಉಪಾಯವಾದರೂ ಬೇಗ ಸಾಗುತ್ತದೆ. ಡಬ್ಬಿಯನ್ನು ಎಂದೂ ಒಲೆಯ ಮೇಲೆ ಇಡಬೇಡಿ.

ಔಷಧಿ ಸಿಂಪಡಿಸುವ ಪಂಪನ್ನು ಮಾತ್ರ ಇದಕ್ಕೆ ಬಳಸಕೂಡದು. ಬೆಳೆಗೂ ಕೆಡುಕು, ಯಂತ್ರಕ್ಕೂ ಕೆಡುಕು. ಎಣ್ಣೆಯ ಶೀಸೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ.

ಎಷ್ಟು ತುಂಬಬೇಕು? ಹೆಚ್ಚಿನ ವಾಹನಗಳಲ್ಲಿ ಎಣ್ಣೆ ತೂತಿನ ಕೆಳ ಅಂಚಿಗೆ ಬಂದು ಹನಿಯತೊಡಗಿದರೆ ಸಾಕು. ಕಿರುಬೆರಳನ್ನು ಬಗ್ಗಿಸಿ ನೋಡಿದರೆ ಮಟ್ಟ ತಿಳಿಯುತ್ತದೆ. ಹೆಚ್ಚಾದದ್ದು ಹರಿದು ಹೋಗುವವರೆಗೆ ಕಾದು ಬಿರಡೆ ಹಾಕಬೇಕು. ಅತಿಯಾಗಿ ತುಂಬಿದರೆ ಸೀಲು ಸೋರಿ ಎಣ್ಣೆ ಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ, ಅದು ಪ್ರಾಣಾಪಾಯ.

ಮಳೆಗಾಲದಲ್ಲಿ ಕಾಗಿಣಾ, ಮುಲ್ಲಾಮಾರಿ ಸೀಮೆಯ ಹಳ್ಳ ದಾಟುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುತೂತಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ಅದನ್ನು ಕೂಡಲೇ ಬದಲಿಸಿ, ಉಸಿರುತೂತನ್ನು ಸ್ವಚ್ಛ ಮಾಡಬೇಕು.

ಇಳಿಸಿದ ಎಣ್ಣೆಯನ್ನು ಹೊಲದ ಬದುವಿಗೆ, ಬಾವಿಯ ದಂಡೆಗೆ ಚೆಲ್ಲಬಾರದು. ಎರೆ ಭೂಮಿ ಬಿರುಕು ಬಿಟ್ಟಾಗ ಅದು ಆಳಕ್ಕೆ ಇಳಿಯುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಕೈಗೆ ಹತ್ತಿದ್ದನ್ನು ಸಾಬೂನಿನಿಂದ ತೊಳೆಯಿರಿ.

ಬಾಂಧವರೇ, ಕೂರಿಗೆಯ ತಾಳು ಬಿಗಿ ಮಾಡುವಾಗಲೇ, ಮೇ ತಿಂಗಳ ಬಿಡುವಿನಲ್ಲಿ, ಈ ಕೆಲಸವನ್ನೂ ಮುಗಿಸಿಕೊಳ್ಳಿ. ಹದ ಎರಡು ದಿನ ಕಾಯುವುದಿಲ್ಲ. ನಾನು ಕಳೆದ ಆ ಎರಡು ದಿನಗಳನ್ನು ತಾವು ಯಾರೂ ಕಳೆಯದಿರಲಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ.