ಹ್ಯಾರಿ ಪ್ಯಾಚ್: ಕಂದಕದಿಂದ ಕೊಳಾಯಿ ಕೆಲಸಕ್ಕೆ
ಇಂಗ್ಲೆಂಡಿನ ಹ್ಯಾರಿ ಪ್ಯಾಚ್ ಹುಟ್ಟಿದ್ದು 1898ರಲ್ಲಿ, ಬಾತ್ ನಗರದ ಪಕ್ಕದ ಹಳ್ಳಿಯಲ್ಲಿ. ಕಲಿತದ್ದು ಕೊಳಾಯಿ ಕೆಲಸ. ಮೊದಲನೇ ಮಹಾಯುದ್ಧ ಅವರನ್ನು ಬೆಲ್ಜಿಯಂನ ಪ್ಯಾಶೆಂಡೇಲ್ ಕೆಸರಿಗೆ ಎಳೆದೊಯ್ದಿತು. 1917ರ ಸೆಪ್ಟೆಂಬರ್ 22ರಂದು ಸಿಡಿದ ಶೆಲ್ ಅವರ ಮೆಷಿನ್‌ಗನ್ ತಂಡದ ಮೂವರು ಗೆಳೆಯರನ್ನು ಕೊಂದಿತು. ಪ್ಯಾಚ್ ಗಾಯಗೊಂಡು ಉಳಿದರು. ಮುಂದೆ ಬದುಕಿಡೀ ಅವರ ಪಾಲಿಗೆ ಸ್ಮರಣೆಯ ದಿನವೆಂದರೆ ಅದೇ.

ಯುದ್ಧ ಮುಗಿದ ಮೇಲೆ ಮತ್ತೆ ಕೊಳಾಯಿ ಕೆಲಸ. ಎರಡನೇ ಮಹಾಯುದ್ಧದಲ್ಲಿ ಬಾತ್ ಮೇಲೆ ಬಾಂಬ್ ಬಿದ್ದಾಗ ಅರೆಕಾಲಿಕ ಅಗ್ನಿಶಾಮಕರಾಗಿ ದುಡಿದರು. ಬಳಿಕ ಸಾಮರ್‌ಸೆಟ್ ಸೀಮೆಯ ಸ್ಟ್ರೀಟ್ ಎಂಬ ಊರಿನಲ್ಲಿ ನಿವೃತ್ತಿಯವರೆಗೆ ಕೊಳಾಯಿ ಉದ್ಯಮ ನಡೆಸಿದರು. ಊರಿನವರಿಗೆ ನಲ್ಲಿ, ಪೈಪು ಸರಿಮಾಡಿಕೊಟ್ಟ ಆ ದಶಕಗಳು ಇತಿಹಾಸದಲ್ಲಿ ಹೆಚ್ಚು ದಾಖಲಾಗಿಲ್ಲ. ಆದರೆ ಬದುಕಿನ ದೊಡ್ಡ ಭಾಗ ಅದೇ, ಗೌರವಕ್ಕೆ ಅರ್ಹವಾದದ್ದೂ ಹೌದು.

ಯುದ್ಧದ ಬಗ್ಗೆ ಹೆಂಡತಿಯೊಡನೆಯೂ ಮಾತಾಡಿರಲಿಲ್ಲ. ನೂರು ತುಂಬಿದಾಗ, 1998ರಲ್ಲಿ, ಮೊದಲ ಬಾರಿ ಬಾಯಿಬಿಟ್ಟರು. 2004ರಲ್ಲಿ, ಅಂದು ಎದುರು ಪಾಳೆಯದಲ್ಲಿದ್ದ ಶಾರ್ಲ್ ಕುಂಟ್ಸ್ ಅವರನ್ನು ಭೇಟಿಯಾದರು. 2009ರ ಜುಲೈ 25ರಂದು, 111ನೆಯ ವಯಸ್ಸಿನಲ್ಲಿ ತೀರಿಕೊಂಡರು. ವೆಲ್ಸ್ ಕೆಥೆಡ್ರಲ್‌ನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಬೆಲ್ಜಿಯಂ, ಫ್ರಾನ್ಸ್, ಜರ್ಮನಿಯ ಸೈನಿಕರೂ ಶವಪೆಟ್ಟಿಗೆಯ ಜೊತೆ ನಡೆದರು. ಪ್ಯಾಚ್ ಅವರ ಇಚ್ಛೆಯಂತೆ ಯಾರ ಕೈಯಲ್ಲೂ ಆಯುಧವಿರಲಿಲ್ಲ.